ಒಂದೇ ಹಿಟ್ ಕೊಟ್ಟು ಹೋದ ಬ್ಯಾಂಡನ್ನ ಪೂರ್ತಿ ಕೇಳೋದು ಹೇಗೆ: ಥಂಡರ್‌ಕ್ಲ್ಯಾಪ್ ನ್ಯೂಮನ್ ಜೊತೆ ನಾಲ್ಕು ಸಂಜೆ

ಒಂದು ಹಾಡು ಎಲ್ಲೋ ಕಿವಿಗೆ ಬೀಳುತ್ತೆ, ತಲೇಲಿ ಕೂತ್ಬಿಡುತ್ತೆ, ಯಾರು ಹಾಡಿದ್ದು ಅಂತ ಹುಡುಕ್ತೀವಿ, ನೋಡಿದ್ರೆ ಆ ಬ್ಯಾಂಡು ಎರಡು ಚಿಲ್ರೆ ವರ್ಷ ಇದ್ದು ಒಡೆದುಹೋಗಿದೆ, ಆಲ್ಬಮ್ಮು ಒಂದೇ, ಓಡಿದ ಹಾಡೂ ಅದೊಂದೇ. ಅಲ್ಲಿಗೆ ಹುಡುಕಾಟ ಮುಗೀತು, ಮುಂದಿನ ಹಾಡಿಗೆ ಹೋಗ್ತೀವಿ. ಹಾಗೆ ಬಿಟ್ಬಿಡ್ಬೇಡಿ ಅಂತ ಹೇಳೋಕೇ ಇದನ್ನ ಬರೀತಿದೀನಿ. ನಾವು ಬ್ಯಾಂಡಿನ ಹೆಸರು ಹಿಡ್ಕೊಂಡು ಹುಡುಕ್ತೀವಿ, ಹೆಸರು ಎರಡು ವರ್ಷಕ್ಕೆ ನಿಂತುಹೋಗುತ್ತೆ, ಆದ್ರೆ ಅದರೊಳಗಿದ್ದ ಜನ ನಿಲ್ಲಲ್ಲ, ಅವರು ಮುಂಚೆನೂ ಏನೋ ನುಡಿಸ್ತಿದ್ರು, ಆಮೇಲೂ ನುಡಿಸಿದ್ರು. ಹೆಸರು ಬಿಟ್ಟು ಜನರನ್ನ ಹಿಡ್ಕೊಂಡು ಹೋದ್ರೆ ಒಂದೇ ಹಾಡಿನ ಬ್ಯಾಂಡು ಅಂತ ನಾವು ಅಂದ್ಕೊಂಡಿದ್ದು ಎಷ್ಟೋ ವರ್ಷದ ಸಂಗೀತದ ಬಾಗಿಲಾಗುತ್ತೆ.

ಇದಕ್ಕೆ ನಾನು ತಗೊಂಡಿರೋ ಉದಾಹರಣೆ ಇಂಗ್ಲೆಂಡಿನ ಥಂಡರ್‌ಕ್ಲ್ಯಾಪ್ ನ್ಯೂಮನ್, ಹಾಡು 1969ರ 'ಸಮ್‌ಥಿಂಗ್ ಇನ್ ದಿ ಏರ್'. ನಾನಿದನ್ನ ಮೊದಲು ಕೇಳಿದ್ದು ಚಿಕ್ಕಪ್ಪ ಗಲ್ಫಿಂದ ತಂದಿದ್ದ ಅರವತ್ತರ ದಶಕದ ಹಿಟ್‌ಗಳ ಕ್ಯಾಸೆಟ್ಟಲ್ಲಿ, ಕವರಿನ ಮೇಲೆ ಹಾಡಿನ ಹೆಸರು ಬ್ಯಾಂಡಿನ ಹೆಸರು ಬಿಟ್ರೆ ಇನ್ನೇನೂ ಇರ್ಲಿಲ್ಲ, ಹಾಗಾಗಿ ಎಷ್ಟೋ ವರ್ಷ ನಾನು ಥಂಡರ್‌ಕ್ಲ್ಯಾಪ್ ನ್ಯೂಮನ್ ಅಂದ್ರೆ ಒಬ್ಬ ಗಾಯಕ, ಆ ಎತ್ತರದ ತೆಳು ದನಿ ಅವನದ್ದೇ ಅಂದ್ಕೊಂಡಿದ್ದೆ. ಹಾಗಲ್ಲ. ನ್ಯೂಮನ್ ಅನ್ನೋನು ಪಿಯಾನೊ ನುಡಿಸೋನು, ಹಾಡಿದ್ದು ಬೇರೆಯವನು, ಹಾಡು ಬರೆದಿದ್ದೂ ಆ ಹಾಡಿದವನೇ. ಬ್ಯಾಂಡಿಗೆ ಯಾಕೆ ಪಿಯಾನೊದವನ ಹೆಸರು ಬಂತು ಅನ್ನೋದನ್ನ ಹುಡುಕೋಕೆ ಹೋಗಿಯೇ ನಂಗೆ ಉಳಿದಿದ್ದೆಲ್ಲ ಸಿಕ್ಕಿದ್ದು.

ನಾಲ್ಕು ಸಂಜೆ ಬೇಕು. ಹೆಡ್‌ಫೋನ್ ಇದ್ರೆ ಒಳ್ಳೇದು, ಫೋನಿನ ಸ್ಪೀಕರಲ್ಲಿ ಬೇಸ್ ಗಿಟಾರ್ ಕೇಳಿಸಲ್ಲ, ಈ ಹಾಡಲ್ಲಿ ಬೇಸ್ ನುಡಿಸಿದವನೇ ಒಂದು ದೊಡ್ಡ ಸುದ್ದಿ, ಅದು ಮುಂದೆ ಹೇಳ್ತೀನಿ. ಜೊತೆಗೆ ಒಂದು ಬಿಳಿ ಹಾಳೆ, ಒಂದು ಪೆನ್ನು. ಹಾಳೆ ಅಡ್ಡ ಇಟ್ಕೊಂಡು ನಡುವೆ 1969 ಅಂತ ಬರ್ದು ಸುತ್ತ ಒಂದು ಗುಂಡು ಹಾಕಿ. ಎಡಗಡೆ ಮುಂಚಿನದ್ದು ಬರುತ್ತೆ, ಬಲಗಡೆ ಆಮೇಲಿನದ್ದು. ಮನೆ ವಂಶವೃಕ್ಷ ಬರೆಯೋ ಥರಾನೇ, ಆದ್ರೆ ಇಲ್ಲಿ ಕೊಂಬೆ ಎರಡೂ ಕಡೆಗೆ ಹೋಗುತ್ತೆ.

ಮೊದಲನೇ ಸಂಜೆ ಹಾಡು ಮಾತ್ರ ಕೇಳಿ, ಬೇರೇನೂ ಓದ್ಬೇಡಿ. ಆ್ಯಪಲ್ಲಿ ಹುಡುಕಿದ್ರೆ ಅಮೆರಿಕದ ರಾಕ್ ಗಾಯಕ ಟಾಮ್ ಪೆಟ್ಟಿ ಹಾಡಿರೋದು ಮೇಲೆ ಬರಬಹುದು, ಅವನು 1993ರ ತನ್ನ ಹಿಟ್‌ಗಳ ಸಂಗ್ರಹದಲ್ಲಿ ಇದನ್ನ ಹಾಡಿದಾನೆ, ಚೆನ್ನಾಗೇ ಇದೆ, ಆದ್ರೆ ಇವತ್ತಿಗೆ ಬೇಡ, ಮೂಲದ್ದನ್ನೇ ಹಾಕಿ. ಹೆಚ್ಚುಕಮ್ಮಿ ನಾಲ್ಕು ನಿಮಿಷದ ಹಾಡು, ಮೂರು ಸಲ ಕೇಳಿ, ಮೂರು ಸಲವೂ ಬೇರೆ ಬೇರೆ ಕಡೆ ಕಿವಿ ಇಟ್ಟು.

ಮೊದಲ ಸಲ ದನಿ ಮಾತ್ರ. ಕ್ರಾಂತಿ ಹತ್ರ ಬಂದಿದೆ, ಎಲ್ರೂ ಒಂದಾಗ್ಬೇಕು, ಬಂದೂಕು ಹಂಚಿ ಅನ್ನೋ ಮಾತನ್ನ ಈ ಮನುಷ್ಯ ಕೂಗಿ ಹೇಳ್ತಿಲ್ಲ, ಮುಷ್ಟಿ ಎತ್ತಿ ಹೇಳ್ತಿಲ್ಲ, ನಿದ್ದೆಯಿಂದ ಈಗ ತಾನೇ ಎದ್ದೋನ ಥರ ಮೆತ್ತಗೆ, ಹೆಚ್ಚುಕಮ್ಮಿ ಕಳ್ಳದನಿಯಲ್ಲಿ ಹೇಳ್ತಿದಾನೆ. ಅದಕ್ಕೇ ಆ ಮಾತು ಇವತ್ತಿಗೂ ಹಳೇದಾಗಿಲ್ಲ ಅಂತ ನಂಗನ್ಸುತ್ತೆ, 1969ರ ಎಷ್ಟೋ ಘೋಷಣೆ ಹಾಡುಗಳು ಈಗ ಕೇಳಿದ್ರೆ ಹಳೇ ಪೋಸ್ಟರ್ ನೋಡ್ದಂಗಾಗುತ್ತೆ, ಇದು ಹಾಗಾಗಲ್ಲ.

ಎರಡನೇ ಸಲ ಶ್ರುತಿ ಗಮನಿಸಿ. ಸಂಗೀತ ಕಲಿತಿರ್ಬೇಕಂತೇನಿಲ್ಲ, ಮೊದಲ ಚರಣದ ಮೊದಲ ಸಾಲು ನೀವೂ ಜೊತೆಗೆ ಗುನುಗಿ, ಎರಡನೇ ಚರಣ ಬಂದಾಗ ಅದೇ ಎತ್ತರದಲ್ಲಿ ಗುನುಗೋಕೆ ಹೋದ್ರೆ ಹೊಂದಲ್ಲ, ಯಾಕಂದ್ರೆ ಹಾಡು ನಿಮ್ಮನ್ನ ಕೇಳದೇ ಮೇಲಿನ ಮನೆಗೆ ಹೋಗಿರುತ್ತೆ. ಕೊನೇ ಚರಣ ಬರೋ ಹೊತ್ತಿಗೆ ನಾವು ಶುರು ಮಾಡಿದ ಜಾಗದಿಂದ ಸಾಕಷ್ಟು ಮೇಲೆ ಬಂದಿರ್ತೀವಿ. ನಮ್ಮಲ್ಲಿ ಶ್ರುತಿ ಅಂದ್ರೆ ಕಚೇರಿ ಮುಗಿಯೋವರೆಗೂ ಕದಲದ ನೆಲ, ಇಲ್ಲಿ ನೆಲವೇ ಮೆಟ್ಟಿಲಾಗಿಬಿಟ್ಟಿದೆ. ಏನೋ ಬರ್ತಿದೆ ಬರ್ತಿದೆ ಅಂತ ಮಾತು ಹೇಳ್ತಿದ್ರೆ ಅದಕ್ಕೆ ತಕ್ಕ ಹಾಗೆ ಕಾಲ್ಕೆಳಗಿನ ನೆಲ ಏರ್ತಾ ಇರುತ್ತೆ, ಅದು ಗೊತ್ತಾದ್ಮೇಲೆ ಮೈ ಜುಂ ಅನ್ನೋ ಜಾಗ ಯಾವ್ದು ಅಂತ ನಿಮಗೇ ಸಿಗುತ್ತೆ.

ಮೂರನೇ ಸಲ ಪಿಯಾನೊಗೋಸ್ಕರ. ಹಾಡಿನ ನಡುಮಧ್ಯದಲ್ಲಿ ಒಂದು ವಿಚಿತ್ರ ಆಗುತ್ತೆ, ಅಷ್ಟೊತ್ತು ತೇಲ್ತಾ ಇದ್ದ ಹಾಡಿನ ನಡೆಯೇ ಬದಲಾಗಿ, ಎಲ್ಲಿಂದಲೋ ಹಳೇ ಕಾಲದ ಹೆಂಡದಂಗಡಿ ಪಿಯಾನೊ ಒಳಗೆ ನುಗ್ಗುತ್ತೆ, ದಪ್ಪ ಬೆರಳು, ಕುಣಿಯೋ ಲಯ, ರಾಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ನಾಟಕ ಕಂಪನಿಯಲ್ಲಿ ಎರಡು ದೃಶ್ಯದ ಮಧ್ಯೆ ಪರದೆ ಬಿದ್ದಾಗ ಹಾರ್ಮೋನಿಯಂ ಮೇಷ್ಟ್ರು ತಮ್ಮ ಪಾಡಿಗೆ ಒಂದು ಮಟ್ಟು ಬಾರಿಸ್ತಾರಲ್ಲ, ಕಥೆಗೂ ಅದಕ್ಕೂ ನಂಟಿಲ್ಲ ಆದ್ರೆ ಕೂತಿರೋ ಜನಕ್ಕೆ ಅದೇ ಬೇಕಾಗಿರುತ್ತೆ, ಹಾಗೆ. ಆಮೇಲೆ ಆರ್ಕೆಸ್ಟ್ರಾ ವಾಪಸ್ ಬರುತ್ತೆ, ಪರದೆ ಎದ್ದಂಗೆ. ಈ ಪಿಯಾನೊ ತುಣುಕನ್ನ ಮೂರ್ನಾಲ್ಕು ಸಲ ಹಿಂದಕ್ಕೆ ತಳ್ಳಿ ಕೇಳಿ, ಯಾಕಂದ್ರೆ ಈ ಬ್ಯಾಂಡಿನ ಇಡೀ ಕಥೆ ಅಲ್ಲೇ ಇದೆ. ಹಾಡಿನ ಉಳಿದ ಭಾಗ ಒಂದು ಲೋಕದಿಂದ ಬಂದಿದ್ರೆ ಇದು ಇನ್ನೊಂದು ಲೋಕದಿಂದ ಬಂದಿದೆ, ಎರಡೂ ಹೊಂದೋ ಹಾಗೇ ಇಲ್ಲ, ಆದ್ರೂ ಆ ನಾಲ್ಕು ನಿಮಿಷ ಮಾತ್ರ ಹೊಂದಿಬಿಟ್ಟಿವೆ.

ಎರಡನೇ ಸಂಜೆ ಹಾಳೆ ತಗೊಳ್ಳಿ. ಈಗ ಓದೋ ಕೆಲಸ, ಯಾರ್ಯಾರು ಏನೇನು ನುಡಿಸಿದ್ರು ಅನ್ನೋದು. ಒಂದು ಹಾಡನ್ನ ನೋಡೋವಾಗ ಐದು ವಿಷಯ ಹುಡುಕೋದು ನನ್ನ ಅಭ್ಯಾಸ: ಹಾಡಿದ್ದು ಯಾರು, ಬರೆದಿದ್ದು ಯಾರು, ನುಡಿಸಿದ್ದು ಯಾರು, ಪ್ರೊಡ್ಯೂಸರ್ ಅಂದ್ರೆ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡಿಸಿದವನು ಯಾರು, ಯಾವ ಕಂಪನಿ ಹೊರತಂದಿದ್ದು. ಜನ ಮೊದಲ ಎರಡಕ್ಕೇ ನಿಲ್ಲಿಸ್ತಾರೆ, ಆದ್ರೆ ಒಂದೇ ಹಿಟ್ಟಿನ ಬ್ಯಾಂಡುಗಳ ವಿಷಯದಲ್ಲಿ ಗುಟ್ಟು ಇರೋದು ಕೊನೇ ಎರಡರಲ್ಲಿ.

ಇಲ್ಲಿ ಹಾಡಿದ್ದು, ಬರೆದಿದ್ದು, ಡ್ರಮ್ಸ್ ಬಾರಿಸಿದ್ದು ಮೂರೂ ಜಾನ್ ಕೀನ್, ಎಲ್ರೂ ಸ್ಪೀಡಿ ಕೀನ್ ಅಂತಿದ್ರು. ಪಿಯಾನೊ ಆ್ಯಂಡಿ ನ್ಯೂಮನ್, ಕೀಲಿಗಳನ್ನ ಬಡಿಯೋ ಜೋರಿಗೆ ಥಂಡರ್‌ಕ್ಲ್ಯಾಪ್ ಅಂದ್ರೆ ಸಿಡಿಲು ಅಂತ ಅಡ್ಡಹೆಸರು, ಹೊಟ್ಟೆಪಾಡಿಗೆ ಅಂಚೆ ಇಲಾಖೆಯಲ್ಲಿ ಟೆಲಿಫೋನ್ ಇಂಜಿನಿಯರ್. ಗಿಟಾರ್ ಜಿಮ್ಮಿ ಮೆಕ್‌ಕಲಕ್, ಸ್ಕಾಟ್ಲೆಂಡಿನ ಹುಡುಗ, ಹುಟ್ಟಿದ್ದು 1953ರ ಜೂನಲ್ಲಿ, ಅಂದ್ರೆ ಈ ಹಾಡು ರೆಕಾರ್ಡ್ ಆಗೋವಾಗ ಅವನಿಗೆ ಹದಿನಾರೂ ತುಂಬಿರ್ಲಿಲ್ಲ. ಬೇಸ್ ನುಡಿಸಿದ್ದು ಬಿಜೂ ಡ್ರೇನ್ಸ್ ಅಂತ ಬರ್ದಿರುತ್ತೆ. ಆ ಹೆಸರಿನ ಮನುಷ್ಯ ಇಲ್ಲ. ಅದು ಇಂಗ್ಲೆಂಡಿನ ದೊಡ್ಡ ರಾಕ್ ಬ್ಯಾಂಡುಗಳಲ್ಲೊಂದಾದ ದ ಹೂ ಬ್ಯಾಂಡಿನ ಗಿಟಾರಿಸ್ಟು, ಅದರ ಹಾಡು ಬರೆಯೋನು ಪೀಟ್ ಟೌನ್‌ಶೆಂಡ್, ಸುಳ್ಳು ಹೆಸರಲ್ಲಿ. ಪ್ರೊಡ್ಯೂಸರ್ ಕೂಡ ಅವನೇ. ಕಂಪನಿ ಟ್ರ್ಯಾಕ್ ರೆಕಾರ್ಡ್ಸ್, ಅದನ್ನ ನಡೆಸ್ತಿದ್ದಿದ್ದು ದ ಹೂ ಬ್ಯಾಂಡಿನ ಮ್ಯಾನೇಜರುಗಳಾದ ಕಿಟ್ ಲ್ಯಾಂಬರ್ಟ್ ಮತ್ತು ಕ್ರಿಸ್ ಸ್ಟ್ಯಾಂಪ್, ಜಿಮಿ ಹೆಂಡ್ರಿಕ್ಸ್‌ನ ರೆಕಾರ್ಡುಗಳನ್ನ ಇಂಗ್ಲೆಂಡಲ್ಲಿ ತಂದಿದ್ದೂ ಇವರೇ.

ಇಷ್ಟು ಹಾಳೆ ಮೇಲೆ ಬರ್ಕೊಂಡ ಮೇಲೆ ಒಂದು ವಿಷಯ ಎದ್ದು ಕಾಣುತ್ತೆ, ಈ ಮೂವರು ಒಂದೇ ಬೀದಿಯಲ್ಲಿ ಬೆಳೆದ ಗೆಳೆಯರಲ್ಲ, ಕಾಲೇಜಲ್ಲಿ ಸೇರಿ ಗ್ಯಾರೇಜಲ್ಲಿ ಬಾರಿಸಿದವರಲ್ಲ, ಮೂವರನ್ನೂ ಬೇರೆ ಬೇರೆ ಕಡೆಯಿಂದ ಪರಿಚಯ ಇದ್ದವನು ಟೌನ್‌ಶೆಂಡ್ ಒಬ್ಬನೇ. ನ್ಯೂಮನ್‌ನ ಪಿಯಾನೊವನ್ನ ಅವನು ಈಲಿಂಗ್ ಆರ್ಟ್ ಕಾಲೇಜಿನ ದಿನಗಳಲ್ಲೇ ಕೇಳಿ ಮರುಳಾಗಿದ್ದ. ಕೀನ್ ಅವನ ಗೆಳೆಯ, ಅವನ ಕಾರು ಓಡಿಸ್ತಿದ್ದೋನು. ಜಿಮ್ಮಿ ಇದ್ದ ಒನ್ ಇನ್ ಎ ಮಿಲಿಯನ್ ಅನ್ನೋ ಹುಡುಗರ ಬ್ಯಾಂಡು ದ ಹೂ ಕಾರ್ಯಕ್ರಮಕ್ಕೆ ಮುಂಚೆ ನುಡಿಸಿತ್ತು. ಟೌನ್‌ಶೆಂಡ್‌ಗೆ ಇದ್ದ ಆಸೆ ಒಬ್ಬೊಬ್ಬರಿಗೂ ಬೇರೆ ಬೇರೆ ಏನಾದ್ರೂ ಮಾಡಿಕೊಡ್ಬೇಕು ಅಂತ, ಲ್ಯಾಂಬರ್ಟ್ ಹೇಳಿದ್ದು ಅಷ್ಟೊಂದಕ್ಕೆ ನಿಂಗೆ ಪುರುಸೊತ್ತಿಲ್ಲ, ಮೂವರನ್ನೂ ಸೇರಿಸಿ ಒಂದೇ ಬ್ಯಾಂಡ್ ಮಾಡು ಅಂತ. ಹಾಗೆ ಆಗಿದ್ದು ಇದು. ಗಂಡು ಹೆಣ್ಣು ಮುಖ ನೋಡದೇ ಹಿರಿಯರು ಮಾಡಿಸಿದ ಮದುವೆ.

ಈಗ ಹಾಳೆಯ ಎಡಗಡೆ ಹೋಗಿ, 1967 ಅಂತ ಬರೀರಿ. ದ ಹೂ ಬ್ಯಾಂಡಿನ 'ದ ಹೂ ಸೆಲ್ ಔಟ್' ಆಲ್ಬಮ್ ಹಾಕಿ, ಮೊಟ್ಟಮೊದಲ ಹಾಡು 'ಆರ್ಮೇನಿಯಾ ಸಿಟಿ ಇನ್ ದ ಸ್ಕೈ'. ಅದನ್ನ ಬರೆದಿದ್ದು ಸ್ಪೀಡಿ ಕೀನ್. ಟೌನ್‌ಶೆಂಡ್ ಥರದ ಬರಹಗಾರ ಇರೋ ಬ್ಯಾಂಡು ಹೊರಗಿನವನ ಹಾಡನ್ನ ತಗೊಂಡು ಆಲ್ಬಮ್ಮಿನ ಬಾಗಿಲಲ್ಲೇ ಇಟ್ಟಿದೆ ಅಂದ್ರೆ ಕೀನ್ ಎಂಥ ಬರಹಗಾರ ಅಂತ ಯೋಚ್ನೆ ಮಾಡಿ. ಆಕಾಶ, ಗಾಳಿ, ಮೇಲೆಲ್ಲೋ ಏನೋ ಇದೆ ಅನ್ನೋದು ಅವನಿಗೆ ಅವತ್ತಿಂದಾನೇ ಹತ್ತಿದ ಗೀಳು ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ಎರಡನ್ನೂ ಹಿಂದೆಮುಂದೆ ಕೇಳಿ, ಅಣ್ಣತಮ್ಮಂದಿರ ಥರ ಕೇಳ್ಸುತ್ತೆ.

ಇನ್ನೊಂದು ವಿಷಯ, ನಮ್ಮ ಹಾಡಿಗೆ ಕೀನ್ ಇಟ್ಟಿದ್ದ ಮೊದಲ ಹೆಸರು 'ರೆವಲ್ಯೂಷನ್'. ಆದ್ರೆ ಬೀಟಲ್ಸ್ 1968ರಲ್ಲೇ ಅದೇ ಹೆಸರಿನ ಹಾಡನ್ನ 'ಹೇ ಜೂಡ್' ರೆಕಾರ್ಡಿನ ಹಿಂಬದಿಗೆ ಹಾಕಿಬಿಟ್ಟಿದ್ರು, ಅದಕ್ಕೆ ಬದಲಾಯಿಸಿದ್ರು. ಬದಲಾಯಿಸಿದ್ದು ಒಳ್ಳೇದೇ ಆಯ್ತು ಅಂತೀನಿ ನಾನು. ಕ್ರಾಂತಿ ಅಂತ ಹಲಗೆ ಮೇಲೆ ಬರೆದಿದ್ರೆ ಕೇಳೋ ಮುಂಚೆನೇ ಒಂದು ತೀರ್ಮಾನಕ್ಕೆ ಬಂದುಬಿಡ್ತಿದ್ವಿ, ಗಾಳಿಯಲ್ಲಿ ಏನೋ ಇದೆ ಅಂದಾಗ ಮೂಗು ಅರಳಿಸ್ತೀವಿ, ಏನದು ಅಂತ.

ಹಾಳೆಯ ಗುಂಡಿನೊಳಗೆ ಈಗ ತಿಂಗಳುಗಳನ್ನ ತುಂಬಿ, ಈ ಭಾಗವನ್ನ ಅವಸರ ಮಾಡ್ದೇ ಮಾಡಿ, ಯಾಕಂದ್ರೆ ಒಂದು ಬ್ಯಾಂಡು ಯಾಕೆ ಬೇಗ ಹೋಯ್ತು ಅನ್ನೋದು ಯಾವಾಗ್ಲೂ ಹಿಟ್ ಆದ ವಾರಗಳಲ್ಲೇ ಅಡಗಿರುತ್ತೆ. ಹಾಡು ಬಂದಿದ್ದು 1969ರ ಮೇ ತಿಂಗಳು. ಜುಲೈ ಶುರುವಲ್ಲಿ ಬ್ರಿಟನ್ನಿನ ಹಾಡುಗಳ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನ, ಅಲ್ಲಿ ಮೂರು ವಾರ. ಇವರು ಕೆಳಗಿಳಿಸಿದ್ದು ಬೀಟಲ್ಸ್‌ನ 'ದ ಬ್ಯಾಲಡ್ ಆಫ್ ಜಾನ್ ಆ್ಯಂಡ್ ಯೋಕೋ'ನ, ಇವರನ್ನ ಕೆಳಗಿಳಿಸಿದ್ದು ರೋಲಿಂಗ್ ಸ್ಟೋನ್ಸ್‌ನ 'ಹಾಂಕಿ ಟಾಂಕ್ ವಿಮೆನ್'. ಒಂದು ಕಡೆ ಬೀಟಲ್ಸ್ ಇನ್ನೊಂದು ಕಡೆ ಸ್ಟೋನ್ಸ್, ನಡುವೆ ಒಬ್ಬ ಟೆಲಿಫೋನ್ ಇಂಜಿನಿಯರ್, ಒಬ್ಬ ಕಾರ್ ಡ್ರೈವರ್, ಹೈಸ್ಕೂಲ್ ವಯಸ್ಸಿನ ಒಬ್ಬ ಹುಡುಗ. ಜುಲೈ 20ಕ್ಕೆ ಮನುಷ್ಯ ಚಂದ್ರನ ಮೇಲೆ ಇಳಿದಾಗ ಬ್ರಿಟನ್ನಿನಲ್ಲಿ ಒಂದನೇ ಸ್ಥಾನದಲ್ಲಿದ್ದಿದ್ದು ಇದೇ ಹಾಡು. ಅಮೆರಿಕದಲ್ಲಿ ಮಾತ್ರ 37ಕ್ಕಿಂತ ಮೇಲೆ ಹೋಗ್ಲಿಲ್ಲ.

ಈಗ ಅದೇ ಗುಂಡಿನೊಳಗೆ ಇನ್ನೊಂದು ಸಾಲು ಬರೀರಿ. ಅದೇ 1969ರ ಮೇ ತಿಂಗಳು ದ ಹೂ ಬ್ಯಾಂಡಿನ 'ಟಾಮಿ' ಆಲ್ಬಮ್ಮೂ ಹೊರಬಂತು. ಟಾಮಿ ಅಂದ್ರೆ ದ ಹೂ ಪಾಲಿಗೆ ಬದುಕು ಬದಲಾಯಿಸಿದ ಆಲ್ಬಮ್ಮು, ಟೌನ್‌ಶೆಂಡ್ ಅದನ್ನ ಹೊತ್ಕೊಂಡು ಊರೂರು ಸುತ್ತೋಕೆ ಹೊರಟ. ಇಲ್ಲಿ ಈ ಮೂವರ ಹಾಡು ನಂಬರ್ ಒನ್, ಜನ ಮುಂದಿನದ್ದು ಕೇಳ್ತಿದಾರೆ, ಆದ್ರೆ ಇವರನ್ನ ಒಟ್ಟು ಮಾಡಿದವನು, ಪ್ರೊಡ್ಯೂಸ್ ಮಾಡಿದವನು, ಬೇಸ್ ನುಡಿಸಿದವನು ಊರಲ್ಲೇ ಇಲ್ಲ. ಸ್ಟೇಜ್ ಮೇಲೆ ಹೋಗ್ಬೇಕು ಅಂದ್ರೆ ಕೀನ್ ಡ್ರಮ್ಸೂ ಬಾರಿಸಿ ಮುಂದೆ ನಿಂತು ಹಾಡೋಕೆ ಆಗ್ಬೇಕಲ್ಲ, ಬೇಸ್‌ಗೆ ಜಿಮ್ ಪಿಟ್ಮನ್-ಏವರಿ, ಡ್ರಮ್ಸ್‌ಗೆ ಜಿಮ್ಮಿಯ ಅಣ್ಣ ಜ್ಯಾಕ್ ಅಂತ ಇಬ್ಬರನ್ನ ಸೇರಿಸ್ಕೊಂಡ್ರು. ಸ್ಟುಡಿಯೋದಲ್ಲಿ ಹುಟ್ಟಿದ ಬ್ಯಾಂಡಿಗೆ ಒಟ್ಟಿಗೆ ಕೂತು ಬೆವರು ಸುರಿಸಿದ ಹಳೇ ದಿನಗಳು ಇರ್ಲಿಲ್ಲ, ಕಷ್ಟ ಬಂದಾಗ ಹಿಡ್ಕೊಳ್ಳೋಕೆ ಅಂಥದ್ದೊಂದು ಬೇಕು. ಮುಂದಿನ ಸಿಂಗಲ್, ಅಂದ್ರೆ ಆಲ್ಬಮ್ಮಲ್ಲದೇ ಒಂದು ಹಾಡಿಗೆ ಅಂತ ಬಿಡೋ ರೆಕಾರ್ಡು, 'ಆಕ್ಸಿಡೆಂಟ್ಸ್' ಬರೋ ಹೊತ್ತಿಗೆ 1970. ಅಷ್ಟೊತ್ತಿಗೆ ರೇಡಿಯೋ ಕೇಳೋರು ಬೇರೆ ಕಡೆ ಹೋಗಿಯಾಗಿತ್ತು, ಅದು ಮೊದಲ ನಲವತ್ತರೊಳಗೂ ಬರ್ಲಿಲ್ಲ. ಆಲ್ಬಮ್ ಅದೇ ವರ್ಷ ಬಂತು, 1971ರಲ್ಲಿ ಬ್ಯಾಂಡ್ ಮುಗೀತು.

ಪ್ರತಿಭೆ ಕಮ್ಮಿ ಇತ್ತು ಅದಕ್ಕೆ ಒಂದೇ ಹಿಟ್ ಅಂತ ಸುಲಭವಾಗಿ ಹೇಳ್ತೀವಿ, ಹಾಳೆ ಮೇಲೆ ತಿಂಗಳು ಬರೆದು ನೋಡಿದ್ರೆ ಇಲ್ಲಿ ಕಮ್ಮಿ ಇದ್ದಿದ್ದು ಪ್ರತಿಭೆ ಅಲ್ಲ, ಒಬ್ಬ ಮನುಷ್ಯನ ಸಮಯ. ಯಾವ ಬ್ಯಾಂಡ್ ತಗೊಂಡ್ರೂ ಇದೊಂದು ಲೆಕ್ಕ ಮಾಡಿ: ಹಿಟ್ಟಿಗೂ ಅದರ ಮುಂದಿನ ಹಾಡಿಗೂ ಎಷ್ಟು ತಿಂಗಳ ಅಂತರ, ಆ ತಿಂಗಳುಗಳಲ್ಲಿ ಯಾರು ಎಲ್ಲಿದ್ರು.

ಮೂರನೇ ಸಂಜೆ ಆಲ್ಬಮ್ಮಿಗೆ, ಹೆಸರು 'ಹಾಲಿವುಡ್ ಡ್ರೀಮ್'. ಎರಡು ಎಚ್ಚರಿಕೆ. ಆ್ಯಪಲ್ಲಿ ಕಾಣೋ ವರ್ಷ ನಂಬ್ಬೇಡಿ, ಎಷ್ಟೋ ಸಲ ಅದು ಮರುಮುದ್ರಣದ ವರ್ಷ ಆಗಿರುತ್ತೆ, ಆಲ್ಬಮ್ ಬಂದಿದ್ದು 1970. ಎರಡನೇದು, ಹೊಸ ಮುದ್ರಣಗಳಲ್ಲಿ ಹಿಂದೆ ಸಿಂಗಲ್‌ಗಳನ್ನೆಲ್ಲ ಬೋನಸ್ ಅಂತ ಅಂಟಿಸಿರ್ತಾರೆ, ಮೂಲದಲ್ಲಿ ಇದ್ದಿದ್ದು ಹನ್ನೆರಡು, ಅಷ್ಟನ್ನ ಕೇಳಿ ನಿಲ್ಲಿಸಿ. ಶಫಲ್ ಹಾಕ್ಬೇಡಿ ದಯವಿಟ್ಟು.

ಹಿಟ್ ಹಾಡಿನ ಥರದ್ದೇ ಇನ್ನೊಂದು ಹುಡುಕ್ತಾ ಹೋದ್ರೆ ನಿರಾಸೆ ಆಗುತ್ತೆ. ಅದರ ಬದಲು ಆ ಪಿಯಾನೊ ತುಣುಕನ್ನ ನೆನಪಲ್ಲಿಟ್ಕೊಂಡು ಕೇಳಿ, ಮೂವರು ಬೇರೆ ಬೇರೆ ಲೋಕದವರು ಒಂದು ಕೋಣೆಯಲ್ಲಿ ಏನ್ಮಾಡ್ತಾರೆ ಅಂತ. 'ಆಕ್ಸಿಡೆಂಟ್ಸ್' ಹಾಡು ಆಲ್ಬಮ್ಮಲ್ಲಿ ಒಂಬತ್ತು ನಿಮಿಷ ದಾಟುತ್ತೆ, ಸಿಂಗಲ್ ಚಿಕ್ಕದು, ಚಿಕ್ಕದನ್ನ ಕೇಳ್ಬೇಡಿ, ಉದ್ದದ್ದನ್ನೇ ಕೇಳಿ. ಅಪಘಾತದಲ್ಲಿ ಸತ್ತುಹೋಗೋ ಮಕ್ಕಳ ಕಥೆ, ಕೀನ್ ಅದನ್ನ ಅದೇ ಮೆತ್ತನೆ ದನಿಯಲ್ಲಿ, ಜೋಗುಳದ ಹತ್ರಹತ್ರ ಹೇಳ್ತಾನೆ, ಮಧ್ಯದಲ್ಲಿ ನ್ಯೂಮನ್ ಹೊರಟುಬಿಡ್ತಾನೆ ತನ್ನ ದಾರಿ ಹಿಡ್ಕೊಂಡು, ಹಾಡು ಎಲ್ಲಿತ್ತು ಅಂತ ಮರೆತೇಹೋಗುತ್ತೆ, ಆಮೇಲೆ ಕೈ ಹಿಡಿದು ವಾಪಸ್ ಕರ್ಕೊಂಡು ಬರ್ತಾನೆ. ಮೊದಲ ಸಲ ನಂಗೆ ಇದು ಉದ್ದ ಆಯ್ತು ಅನ್ಸಿತ್ತು. ಒಂದು ರಾತ್ರಿ ಕರೆಂಟ್ ಹೋಗಿ ಕತ್ತಲಲ್ಲಿ ಕೂತು ಕೇಳಿದಾಗ, ಆ ಮಧ್ಯದ ಅಲೆದಾಟ ಇಲ್ದಿದ್ರೆ ಅಂಥ ಕಥೇನ ತಡ್ಕೊಳ್ಳೋಕೇ ಆಗ್ತಿರ್ಲಿಲ್ಲ ಅಂತ ಅರ್ಥ ಆಯ್ತು. ರೇಡಿಯೋಗೆ ಅಂತ ಅದನ್ನ ಕತ್ತರಿಸಿದಾಗ ಹೋಗಿದ್ದು ಅದೇ ಉಸಿರು.

'ಓಪನ್ ದ ಡೋರ್, ಹೋಮರ್' ಬಾಬ್ ಡಿಲನ್‌ನ ಹಾಡು. ಡಿಲನ್ ಅದನ್ನ 1967ರಲ್ಲಿ ರೆಕಾರ್ಡ್ ಮಾಡಿದ್ರೂ ಅವನ ದನಿಯಲ್ಲಿ ಅದು ಅಧಿಕೃತವಾಗಿ ಹೊರಬಂದಿದ್ದು 1975ಕ್ಕೆ, ಇವರು ಅದಕ್ಕೂ ಐದು ವರ್ಷ ಮುಂಚೆ ಹಾಡಿಬಿಟ್ಟಿದಾರೆ, ನೆಮ್ಮದಿಯಾಗಿ, ಮನೆಯಂಗಳದಲ್ಲಿ ಕೂತು ಹಾಡಿದಂಗೆ. 'ಹಾಲಿವುಡ್ ಡ್ರೀಮ್' ಅನ್ನೋದರಲ್ಲಿ ಮಾತಿಲ್ಲ, ವಾದ್ಯ ಮಾತ್ರ, ಅದು ಮೆಕ್‌ಕಲಕ್ ಅಣ್ಣತಮ್ಮಂದಿರದ್ದು. ಅಲ್ಲಿ ಗಿಟಾರನ್ನ ಗಮನವಿಟ್ಟು ಕೇಳಿ, ಆ ಹುಡುಗ ಎಲ್ಲೂ ತನ್ನ ವಯಸ್ಸಿನ ಹುಡುಗರ ಥರ ಅವಸರ ಮಾಡಲ್ಲ, ಒಂದು ಸ್ವರ ಹಿಡಿದ್ರೆ ಅದನ್ನ ಪೂರ್ತಿ ಬಿಡಿಸಿ ಆಮೇಲೆ ಮುಂದಿನದ್ದಕ್ಕೆ ಹೋಗ್ತಾನೆ. ಆಮೇಲೆ, ಹಿಟ್ ಸಿಂಗಲ್ಲಿನ ಹಿಂಬದಿಯಲ್ಲಿ 'ವಿಲ್ಹೆಲ್ಮಿನಾ' ಅಂತ ಒಂದು ಹಾಡಿತ್ತು, ಬರೆದಿದ್ದು ನ್ಯೂಮನ್. ಮುಂಬದಿ ಕೀನ್‌ದು, ಹಿಂಬದಿ ನ್ಯೂಮನ್‌ದು, ಒಂದೇ ರೆಕಾರ್ಡಿನ ಎರಡು ಕಡೆ. ಬೋನಸ್ ಪಟ್ಟಿಯಲ್ಲಿ ಸಿಕ್ರೆ ಅದನ್ನ ಮಾತ್ರ ಮರೀಬೇಡಿ, ಇವರಿಬ್ಬರ ನಡುವೆ ಎಷ್ಟು ದೂರ ಇತ್ತು ಅನ್ನೋದು ಒಂದು ಸಲ ರೆಕಾರ್ಡ್ ತಿರುವಿ ಹಾಕಿದ್ರೆ ಗೊತ್ತಾಗೋದು.

ನಾಲ್ಕನೇ ಸಂಜೆ ಹಾಳೆಯ ಬಲಗಡೆಗೆ, ಮೂರು ಕೊಂಬೆ ಎಳೀರಿ. ನಿಜ ಹೇಳ್ಬೇಕಂದ್ರೆ ಇದಕ್ಕೆ ಒಂದು ಸಂಜೆ ಸಾಲಲ್ಲ, ಶುರು ಮಾಡೋಕೆ ಅಂತ ಒಂದು ಸಂಜೆ ಅಂದೆ.

ಜಿಮ್ಮಿಯ ಕೊಂಬೆ ಎಲ್ಲಕ್ಕಿಂತ ಹಸಿರು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇದಿಕೆ ಮೇಲೇ ಕರೆಂಟ್ ಹೊಡೆದು ಸತ್ತ, ಆ ಜಾಗಕ್ಕೆ ಬಂದಿದ್ದು ಜಿಮ್ಮಿ, ಅವನಿಗಾಗ ಹತ್ತೊಂಬತ್ತರ ಆಸುಪಾಸು. 1974ರಿಂದ 1977ರವರೆಗೆ ಪಾಲ್ ಮೆಕಾರ್ಟ್ನಿಯ ವಿಂಗ್ಸ್. ಐದು ವರ್ಷದ ಹಿಂದೆ ಯಾರ ಹಾಡನ್ನ ಪಟ್ಟಿಯಿಂದ ಕೆಳಗಿಳಿಸಿದ್ನೋ ಆ ಬೀಟಲ್ಸ್‌ನವನ ಪಕ್ಕದಲ್ಲೇ ಈ ಹುಡುಗ ಗಿಟಾರ್ ಹಿಡಿದು ನಿಂತ. 'ಜೂನಿಯರ್ಸ್ ಫಾರ್ಮ್' ಹಾಡಿನ ಗಿಟಾರ್ ಕೇಳಿ, ಆಮೇಲೆ 1975ರ 'ವೀನಸ್ ಆ್ಯಂಡ್ ಮಾರ್ಸ್' ಆಲ್ಬಮ್ಮಿನ 'ಮೆಡಿಸಿನ್ ಜಾರ್'. ಈ ಎರಡನೇದನ್ನ ಜಿಮ್ಮಿಯೇ ಹಾಡಿದಾನೆ, ಮಾತು ಬರೆದಿದ್ದು ಸ್ಟೋನ್ ದ ಕ್ರೋಸ್‌ನ ಡ್ರಮ್ಮರ್ ಕಾಲಿನ್ ಆ್ಯಲನ್, ಮಾದಕ ವಸ್ತು ಬೇಡ ಅಂತ ಹೇಳೋ ಹಾಡು. 1979ರ ಸೆಪ್ಟೆಂಬರಲ್ಲಿ ಜಿಮ್ಮಿ ಲಂಡನ್ನಿನ ತನ್ನ ಫ್ಲ್ಯಾಟಲ್ಲಿ ತೀರ್ಕೊಂಡ, ಮಾರ್ಫಿನ್ ಮತ್ತು ಮದ್ಯ, ವಯಸ್ಸು 26. ಈ ವಿಷಯ ಗೊತ್ತಾದ್ಮೇಲೆ ಆ ಹಾಡನ್ನ ಮತ್ತೆ ಹಾಕೋಕೆ ನಂಗೆ ತುಂಬಾ ದಿನ ಹಿಡೀತು. ನೀವು ಹಾಡನ್ನ ಮೊದಲು ಕೇಳ್ಬೇಕು ಅನ್ನೋ ಆಸೆಯಿಂದ ಅದರ ಹೆಸರು ಮೊದಲು ಹೇಳಿದೆ.

ಕೀನ್ ಕೊಂಬೆ ಅಚ್ಚರಿಯದ್ದು. 1973ರಲ್ಲಿ 'ಪ್ರೀವಿಯಸ್ ಕನ್ವಿಕ್ಷನ್ಸ್', 1975ರಲ್ಲಿ ಇನ್ನೊಂದು, ಎರಡು ಸೋಲೋ ಆಲ್ಬಮ್ಮು. ಹಾಲಿವುಡ್ ಡ್ರೀಮ್ ಇಷ್ಟ ಆಗಿದ್ರೆ ಮೊದಲನೇದು ಖಂಡಿತ ಹಿಡ್ಸುತ್ತೆ. ಆಮೇಲೆ 1977, ಈ ಮೆತ್ತನೆ ದನಿಯ ಮನುಷ್ಯ ಪ್ರೊಡ್ಯೂಸರ್ ಕುರ್ಚಿಯಲ್ಲಿ ಕೂತು ಮೋಟರ್‌ಹೆಡ್‌ನ ಮೊದಲ ಆಲ್ಬಮ್ ಮಾಡಿಕೊಟ್ಟ. ಹೌದು, ಆ ಮೋಟರ್‌ಹೆಡ್ಡೇ, ಲೆಮ್ಮಿದು, ಕಿವಿ ಕಿವುಡಾಗೋ ಹಾಗೆ ಬಾರಿಸೋ ರಾಕ್ ಬ್ಯಾಂಡು. ಸಿಕ್ಕ ಎರಡೇ ದಿನಗಳಲ್ಲಿ ಒಂದು ಸಿಂಗಲ್ ಮಾಡೋದು ಬಿಟ್ಟು ಆಲ್ಬಮ್ಮಿಗೆ ಆಗೋವಷ್ಟು ಬಾರಿಸಿಬಿಟ್ರು. ಅದೇ ವರ್ಷ ಜಾನಿ ಥಂಡರ್ಸ್‌ನ ಹಾರ್ಟ್‌ಬ್ರೇಕರ್ಸ್ ಪಂಕ್ ಆಲ್ಬಮ್ಮಿನ ಪ್ರೊಡ್ಯೂಸರುಗಳಲ್ಲೂ ಇವನೊಬ್ಬ. ಹಾಳೆ ನೋಡಿ: ಒಂದು ತುದಿಯಲ್ಲಿ ದ ಹೂ, ಇನ್ನೊಂದು ತುದಿಯಲ್ಲಿ ಮೋಟರ್‌ಹೆಡ್, ನಡುವಿನ ಗೆರೆ ಒಂದೇ ಹಿಟ್ಟಿನವನು ಅಂತ ಕರೆಸ್ಕೊಂಡ ಒಬ್ಬ ಮನುಷ್ಯ. ಈ ಗೆರೆಯನ್ನ ನಾನು ಮೊದಲ ಸಲ ಪೆನ್ನಲ್ಲಿ ಎಳೆದಾಗ ಎದ್ದು ಹೋಗಿ ಮನೇಲಿದ್ದೋರಿಗೆಲ್ಲ ತೋರಿಸಿದ್ದೆ. ಕೀನ್ 2002ರಲ್ಲಿ ಹೋದ.

ನ್ಯೂಮನ್ ಕೊಂಬೆ ಹುಡುಕೋಕೆ ಸ್ವಲ್ಪ ತಾಳ್ಮೆ ಬೇಕು. 1971ರಲ್ಲಿ 'ರೇನ್‌ಬೋ' ಅಂತ ಒಂದು ಸೋಲೋ ಆಲ್ಬಮ್, ಟ್ರ್ಯಾಕ್ ರೆಕಾರ್ಡ್ಸ್‌ನಿಂದಲೇ. ಆಮೇಲೆ ಕೊಂಬೆ ಉದ್ದಕ್ಕೂ ಖಾಲಿ ಕಾಣುತ್ತೆ, ಅಲ್ಲಿ ಹೆದರಿ ನಿಲ್ಲಿಸ್ಬೇಡಿ, ಗೆರೆಯನ್ನ ಹಾಗೇ 2010ರವರೆಗೆ ಎಳೀರಿ. ಆ ವರ್ಷ ನ್ಯೂಮನ್ ಥಂಡರ್‌ಕ್ಲ್ಯಾಪ್ ನ್ಯೂಮನ್ ಹೆಸರಲ್ಲೇ ಹೊಸಬರನ್ನ ಕಟ್ಕೊಂಡು ಮತ್ತೆ ವೇದಿಕೆಗೆ ಬಂದ, 'ಬಿಯಾಂಡ್ ಹಾಲಿವುಡ್' ಅಂತ ಆಲ್ಬಮ್ಮೂ ತಂದ. ಆ್ಯಪಲ್ಲಿ ಹಳೇದು ಹೊಸದು ಎರಡೂ ಒಂದೇ ಹೆಸರಿನಡಿ ಬಂದ್ರೆ ಗೊಂದಲ ಆಗ್ಬೇಡಿ, ಮೂವರಲ್ಲಿ ಉಳಿದಿದ್ದವನು ಅವನೊಬ್ಬನೇ. ಹೊಸ ಬ್ಯಾಂಡಲ್ಲಿ ಗಿಟಾರ್ ಹಿಡಿದಿದ್ದು ಜಾಶ್ ಟೌನ್‌ಶೆಂಡ್, ಪೀಟ್ ಟೌನ್‌ಶೆಂಡ್‌ನ ತಮ್ಮನ ಮಗ. ಹಾಳೆಯಲ್ಲಿ ಅಲ್ಲಿಂದ ಒಂದು ಸಣ್ಣ ಗೆರೆ ವಾಪಸ್ 1969ರ ಗುಂಡಿಗೆ ಎಳೀಬಹುದು, ನಾನು ಎಳೆದಿದೀನಿ. ನ್ಯೂಮನ್ 2016ರಲ್ಲಿ, 73ನೇ ವಯಸ್ಸಲ್ಲಿ ತೀರ್ಕೊಂಡ.

ಎಲ್ಲಾ ಆದ್ಮೇಲೆ ಇದೇ ಹಾಡು 1969ರ 'ದ ಮ್ಯಾಜಿಕ್ ಕ್ರಿಶ್ಚಿಯನ್' ಸಿನಿಮಾದಲ್ಲೂ, 2000ದ 'ಆಲ್ಮೋಸ್ಟ್ ಫೇಮಸ್' ಸಿನಿಮಾದಲ್ಲೂ ಇದೆ, ಬೇಕಿದ್ರೆ ನೋಡಿ. ಟಾಮ್ ಪೆಟ್ಟಿದು ಈಗ ಕೇಳಬಹುದು, ಆ ಪಿಯಾನೊ ಜಾಗದಲ್ಲಿ ಏನಾಗಿದೆ ಅಂತ ನೋಡೋಕೆ.

ಆಮೇಲೆ ಮೂಲದ್ದನ್ನ ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದು ಸಲ, ಈ ಸಲ ಕೀನ್‌ನೂ ಬಿಡಿ ನ್ಯೂಮನ್‌ನೂ ಬಿಡಿ, ಕೆಳಗಡೆ ಸುಮ್ನೆ ನಡೀತಿರೋ ಬೇಸ್ ಮಾತ್ರ ಹಿಡೀರಿ. ಬಿಜೂ ಡ್ರೇನ್ಸ್ ಅಂತ ಹೆಸರು ಮುಚ್ಕೊಂಡು ಆ ಕೋಣೆಯ ಮೂಲೆಯಲ್ಲಿ ನಿಂತು ಮೂವರನ್ನೂ ಹೊತ್ಕೊಂಡು ಹೋಗ್ತಿರೋದು ಅದೇ.